ಹನ್ನೆರಡನೆಯ ಪಾಠದ ಕುರಿಗಳು

ನಮ್ಮ ಚಿಕ್ಕಮ್ಮನದು ಮೆತ್ತಗಿನ ಸ್ವಭಾವ ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಹಾಗೆ ಹೇಳುವವರೆಲ್ಲ ಅವಳನ್ನು ಶಾಲೆಯಲ್ಲಿ ಮಾತ್ರ ನೋಡಿದವರು. ಮನೆಯಲ್ಲಿ ಅವಳ ಗಂಟಲು ಕೇಳಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಬಚ್ಚಲಲ್ಲಿ ಸೋಪು ಮುಗಿದಿದ್ದರೆ ಆ ಸುದ್ದಿ ನಮ್ಮ ಮನೆಯ ಕೆಳಗೆ ಬೀಗ ರಿಪೇರಿ ಮಾಡುತ್ತಿದ್ದವನಿಗೂ ಮುಟ್ಟುತ್ತಿತ್ತು. ಅವನು ಎಷ್ಟೋ ಸಲ ಅಮ್ಮನನ್ನು ಮೆಟ್ಟಿಲ ಬಳಿ ನಿಲ್ಲಿಸಿ, "ಸೋಪು ತಂದ್ರಾ?" ಎಂದು ಕೇಳಿದ್ದುಂಟು.

ಅಂಥವಳು ಶಾಲೆಯ ಬಾಗಿಲು ದಾಟಿದ ಕೂಡಲೇ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದಳು. ಹಾಕಿಸಿದ್ದು ಕುರಿಗಳು. ಇಂಗ್ಲಿಷಿನ ಕುರಿಗಳು.

ಚಿಕ್ಕಮ್ಮ ಅಂದರೆ ಅಮ್ಮನ ಸ್ವಂತ ತಂಗಿ. ಮದುವೆ ಬೇಡ ಎಂದು ಒಂದೇ ಮಾತಿನಲ್ಲಿ ಹೇಳಿ, ನಮ್ಮ ಎರಡು ಕೋಣೆಯ ಮನೆಗೆ ಒಂದು ಟ್ರಂಕು ಹಿಡಿದು ಬಂದವಳು. ಆ ಟ್ರಂಕು ನನ್ನ ಮಂಚದ ಕೆಳಗಿತ್ತು, ಅವಳು ನನ್ನ ಪಕ್ಕದಲ್ಲಿ ಮಲಗುತ್ತಿದ್ದಳು. ಅಪ್ಪ ಯಂತ್ರದ ಬಿಡಿಭಾಗ ಮಾಡುವ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ನನಗಿಂತ ಎರಡು ವರ್ಷ ದೊಡ್ಡವನಾದ ಅಣ್ಣ ಏಳನೇ ತರಗತಿ, ನಾನು ಐದನೇ ತರಗತಿ. ಐದನೇ ತರಗತಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದವಳೇ ಚಿಕ್ಕಮ್ಮ. ಶಾಲೆಯಲ್ಲಿ ಅವಳನ್ನು ಟೀಚರ್ ಎನ್ನಬೇಕು, ಮನೆಯಲ್ಲಿ ಚಿಕ್ಕಮ್ಮ. ನಾನು ಆಗಾಗ ಎರಡನ್ನೂ ಅದಲು ಬದಲು ಮಾಡಿ ಎರಡೂ ಕಡೆ ನಗೆಪಾಟಲಾಗುತ್ತಿದ್ದೆ.

ಚಿಕ್ಕಮ್ಮನ ಕೆಲಸ ಕಾಯಂ ಆಗಿರಲಿಲ್ಲ. ಹನ್ನೊಂದು ವರ್ಷದಿಂದ ತಾತ್ಕಾಲಿಕ. ಪ್ರತಿ ವರ್ಷ ಶಾಲೆ ತೆರೆಯುವ ಮುಂಚೆ ಒಂದು ಕಾಗದ ಬರಬೇಕು, ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಕಾಯಂ ಆದವರಿಗೆ ಶಾಲೆಯ ಹಿಂದುಗಡೆ ಒಂದೊಂದು ಕೋಣೆ ಕೊಡುತ್ತಿದ್ದರು. ಮೂಲೆಯಲ್ಲಿ ಒಂದು ಕೋಣೆ ಖಾಲಿ ಇತ್ತು. ಚಿಕ್ಕಮ್ಮ ಅದನ್ನು ಎರಡು ಸಲ ಹೋಗಿ ನೋಡಿ ಬಂದಿದ್ದಳು. ಕಿಟಕಿಯ ಅಗಲವನ್ನು ಗೇಣು ಹಾಕಿ ಅಳೆದಿದ್ದಳು. ಎರಡನೇ ಸಲ ಹೋದಾಗ ನನ್ನನ್ನೂ ಕರೆದುಕೊಂಡು ಹೋಗಿ, "ಇಲ್ಲಿ ಮೇಜು, ಇಲ್ಲಿ ಮಂಚ. ನೀನು ಬಂದ್ರೆ ಇಲ್ಲಿ ಕೂತ್ಕೋ. ಬಾಗಿಲು ಬಡಿದೇ ಒಳಗೆ ಬರಬೇಕು, ಈಗಲೇ ಹೇಳಿರ್ತೀನಿ," ಎಂದಿದ್ದಳು. ಮೂವತ್ತೊಂಬತ್ತು ವರ್ಷದ ಹೆಂಗಸು ಒಂದು ಬಾಗಿಲಿಗಾಗಿ ಅಷ್ಟು ಆಸೆಪಡುವುದು ನನಗೆ ಆಗ ತಮಾಷೆಯಾಗಿ ಕಂಡಿತ್ತು. ಈಗ ನನಗೂ ವಯಸ್ಸಾಗಿದೆ, ಈಗ ತಮಾಷೆ ಎನ್ನಿಸುವುದಿಲ್ಲ.

ಇನ್ನು ಶಾಲೆ. ಹಿಂದೆ ಬಟ್ಟೆಯ ಗೋದಾಮಾಗಿದ್ದ ಕಟ್ಟಡ ಅದು. ಮೇಲಿನ ಮಹಡಿಯಲ್ಲಿ ಉದ್ದಕ್ಕೆ ಒಂದೇ ಹಾಲು. ಅದರ ನಡುವೆ ನಾಲ್ಕು ಮರದ ಬೀರುಗಳನ್ನು ಸಾಲಾಗಿ ನಿಲ್ಲಿಸಿ ಎರಡು ತರಗತಿ ಮಾಡಿದ್ದರು. ಮೆಟ್ಟಿಲ ಬಾಗಿಲು ಇದ್ದ ಕಡೆಗೆ ಏಳನೇ ತರಗತಿ, ಒಳಗಿನ ಭಾಗಕ್ಕೆ ನಾವು. ನಾವು ಬರಬೇಕಾದರೂ ಹೋಗಬೇಕಾದರೂ ಏಳನೆಯವರ ಬೆಂಚುಗಳ ನಡುವೆಯೇ ಹಾಯಬೇಕು. ಬೀರುಗಳ ನಡುವೆ ಒಬ್ಬರು ಹಾಯುವಷ್ಟು ಸಂದು. ಅದಕ್ಕೆ ಭೂಪಟ ತೂಗುಹಾಕಿದ್ದರು. ಭೂಪಟಕ್ಕೆ ಕಣ್ಣು ಮುಚ್ಚುವ ಶಕ್ತಿ ಇತ್ತೇ ಹೊರತು ಕಿವಿ ಮುಚ್ಚುವ ಶಕ್ತಿ ಇರಲಿಲ್ಲ.

ಬೀರುಗಳ ಆಚೆ ಲೆಕ್ಕದ ಮೇಷ್ಟ್ರು. ಸಣಕಲು ದೇಹ, ಜೇಬಿನ ತುಂಬ ಸೀಮೆಸುಣ್ಣ. ಒಂದು ದಿನ ಅವರು ಭೂಪಟ ಸರಿಸಿಕೊಂಡು ನಮ್ಮ ಕಡೆಗೆ ಬಂದರು. ಕೈಯಲ್ಲಿ ಒಬ್ಬ ಹುಡುಗನ ನೋಟ್‌ಬುಕ್ಕಿತ್ತು.

"ಟೀಚರ್, ಒಂದು ತೊಟ್ಟಿಗೆ ಎರಡು ನಲ್ಲಿ. ಒಂದರಿಂದ ನೀರು ಬರುತ್ತೆ, ಇನ್ನೊಂದರಿಂದ ಹೋಗುತ್ತೆ. ತೊಟ್ಟಿ ತುಂಬೋಕೆ ಎಷ್ಟು ಹೊತ್ತು ಬೇಕು ಅಂತ ಕೇಳಿದ್ದೆ. ಇವನು ಏನು ಬರೆದಿದ್ದಾನೆ ನೋಡಿ."

ಚಿಕ್ಕಮ್ಮ ನೋಡಿದಳು. "ಏಳು ಶೀಪ್" ಎಂದು ಬರೆದಿತ್ತು.

"ಬೆಳಗ್ಗೆಯಿಂದ ನಿಮ್ಮ ಮಕ್ಕಳು ವನ್ ಶೀಪ್, ಟೆನ್ ಶೀಪ್ ಅಂತ ಕಿರುಚ್ತಿದ್ದಾರೆ. ನಿಮ್ಮ ಕುರಿಗಳು ನನ್ನ ತೊಟ್ಟೀಲಿ ಬಂದು ನೀರು ಕುಡೀತಿವೆ. ಏಳನೆಯವರಿಗೆ ಪಬ್ಲಿಕ್ ಪರೀಕ್ಷೆ ಇದೆ, ನಿಮ್ಮವರಿಗಿಲ್ಲ. ಸ್ವಲ್ಪ ದಯವಿಟ್ಟು."

ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೇಷ್ಟ್ರು ನಗಲಿಲ್ಲ. ನೇರವಾಗಿ ಹೆಡ್‌ಮಾಸ್ಟರ ಬಳಿ ಹೋದರು. ಹೆಡ್‌ಮಾಸ್ಟರು ಬಂದು, ಇನ್ನು ಮೇಲೆ ಐದನೇ ತರಗತಿಯಿಂದ ಒಂದು ಸದ್ದೂ ಆಚೆ ಬರಕೂಡದು ಎಂದು ಅಪ್ಪಣೆ ಮಾಡಿ ಹೋದರು. ಬಾಯಿ ಬಿಡದೆ ಇಂಗ್ಲಿಷ್ ಕಲಿಸುವುದು ಹೇಗೆ ಎಂದು ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಹಟ ಬಂದರೆ ಅವಳು ಕೇಳುವ ಪೈಕಿಯಲ್ಲ.

ಮರುದಿನದಿಂದ ನಮ್ಮದು ಮೌನದ ತರಗತಿಯಾಯಿತು, ಪಾಠ ಮೊದಲಿನಿಂದ ಮತ್ತೆ ಶುರುವಾಯಿತು. ಚಿಕ್ಕಮ್ಮ ಬೋರ್ಡಿನ ಮೇಲೆ ಬರೆಯುತ್ತಿದ್ದಳು, ನಾವು ತುಟಿಯಲ್ಲಿ ಉತ್ತರ ಹೇಳುತ್ತಿದ್ದೆವು. ಧ್ವನಿ ಇಲ್ಲ, ಬರೀ ತುಟಿ. 'ಕ್ಯಾಟ್' ಎಂದರೆ ನಾಲಿಗೆ ಮೇಲೆ ತಗುಲಿ ನಿಲ್ಲಬೇಕು, 'ಕ್ಯಾಟ್ಸ್' ಎಂದರೆ ಕೊನೆಗೆ ಹಲ್ಲು ಕಚ್ಚಬೇಕು. 'ಮ್ಯಾನ್' ಎನ್ನುವಾಗ ದವಡೆ ಕೆಳಗೆ ಇಳಿಯಬೇಕು, 'ಮೆನ್' ಎನ್ನುವಾಗ ಅರ್ಧಕ್ಕೇ ನಿಲ್ಲಬೇಕು. ನಲವತ್ತು ಮುಖಗಳನ್ನು ಅವಳು ಒಂದೇ ನೋಟದಲ್ಲಿ ಓದುತ್ತಿದ್ದಳು. ಹಿಂದಿನ ಬೆಂಚಿನಲ್ಲಿ ಯಾರೋ ಸುಮ್ಮನೆ ತುಟಿ ಅಲ್ಲಾಡಿಸಿದರೂ ಸಿಕ್ಕಿಬೀಳುತ್ತಿದ್ದರು. ನಮ್ಮಲ್ಲಿ ಕಹಳೆ ಎಂದು ಅಡ್ಡಹೆಸರಿದ್ದ ಒಬ್ಬ ಹುಡುಗನಿದ್ದ. ಅವನು ಪಿಸುಗುಟ್ಟಿದರೂ ಬೀದಿಗೆ ಕೇಳುತ್ತಿತ್ತು. ಅವನು ಕೂಡ ವಾರದೊಳಗೆ ದಾರಿಗೆ ಬಂದ.

ಪಾಠ ಸುಸೂತ್ರವಾಗಿ ಸಾಗಿ ಹನ್ನೆರಡಕ್ಕೆ ಬಂದು ಸಿಕ್ಕಿಹಾಕಿಕೊಂಡಿತು. ಹನ್ನೆರಡನೆಯ ಪಾಠ ಅಂದರೆ ಬದಲಾಗದ ಪದಗಳು. ಹಿಂದೆ ಅರ್ಧಕ್ಕೇ ಬಿಟ್ಟಿದ್ದ ಅದೇ ಕುರಿಯ ಪಾಠ. ಶೀಪ್ ಒಂದಾದರೂ ಶೀಪ್, ಮಂದೆಯಾದರೂ ಶೀಪ್. ಡೀರ್ ಹಾಗೆಯೇ. ಫಿಶ್ ಹಾಗೆಯೇ. ("ಬೇರೆ ಬೇರೆ ಜಾತಿ ಮೀನಾದ್ರೆ ಫಿಶಸ್ ಅಂತಾನೂ ಅಂತಾರೆ. ಆ ತಲೆನೋವು ಮುಂದಿನ ತರಗತಿಯವರಿಗೆ ಇರಲಿ," ಎಂದು ಚಿಕ್ಕಮ್ಮ ಬೋರ್ಡಿನ ಮೂಲೆಯಲ್ಲಿ ಬರೆದಿದ್ದಳು.) ಏರ್‌ಕ್ರಾಫ್ಟ್. ಸ್ಪೀಷೀಸ್. ಸೀರೀಸ್ ಎಂಬುದು ಒಂದೇ ಇದ್ದರೂ ಗುಂಪಿನ ಹಾಗೆ ಹಲ್ಲು ಕಚ್ಚಿಕೊಂಡೇ ಇರುತ್ತದೆ, ಅದರ ಮೇಲೆ ನಮಗೆಲ್ಲ ಮೊದಲಿಂದಲೂ ಅನುಮಾನ.

ಬೇರೆ ಶಾಲೆಯ ಮಕ್ಕಳಿಗೆ ಇದು ನೀರು ಕುಡಿದಷ್ಟು ಸುಲಭದ ಪಾಠ. ಕಲಿಯುವುದಕ್ಕೆ ಏನೂ ಇಲ್ಲ, ತಪ್ಪು ಮಾಡುವುದಕ್ಕೂ ಜಾಗವಿಲ್ಲ. ನಮಗೆ ಮಾತ್ರ ಅದು ಎಲ್ಲಕ್ಕಿಂತ ಕಷ್ಟವಾಯಿತು. ತುಟಿ ನೋಡಿದರೆ ಒಂದು ಕುರಿಯೋ ನೂರು ಕುರಿಯೋ ತಿಳಿಯುವುದು ಹೇಗೆ? ಚಿಕ್ಕಮ್ಮ ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಮ್ಮನ್ನೇ ನೋಡಿದಳು. ಆಮೇಲೆ ಒಂದು ಬೆರಳು ಎತ್ತಿ ತುಟಿಯಲ್ಲೇ ಶೀಪ್ ಎಂದಳು. ಐದೂ ಬೆರಳು ಬಿಡಿಸಿ ಅಂಗೈ ತೋರಿಸಿ ಮತ್ತೆ ಶೀಪ್ ಎಂದಳು. ಅಷ್ಟೇ. ಅಂದಿನಿಂದ ಆ ಪಾಠದ ಉತ್ತರಗಳೆಲ್ಲ ನಮ್ಮ ಕೈಗೆ ಬಂದವು.

ಆ ದಿನಗಳನ್ನು ನೆನೆದರೆ ನನಗೆ ಈಗಲೂ ಮನಸ್ಸು ತಂಪಾಗುತ್ತದೆ. ಬೆಂಚಿನ ಕಿರ್ರೆನ್ನುವ ಸದ್ದು, ಸೀಮೆಸುಣ್ಣದ ಸದ್ದು, ಆಚೆಯಿಂದ ಲೆಕ್ಕದ ಮೇಷ್ಟ್ರ ತೊಟ್ಟಿ ತುಂಬುವ ಸದ್ದು. ಈಚೆ ನಲವತ್ತು ಮಕ್ಕಳು ಸದ್ದಿಲ್ಲದೆ ಮೀನು ಹಿಡಿಯುತ್ತಿದ್ದೆವು, ಜಿಂಕೆ ಓಡಿಸುತ್ತಿದ್ದೆವು. ನಮ್ಮಲ್ಲಿ ಯಾರೂ ಹತ್ತಿರದಿಂದ ನೋಡಿರದ ಏರ್‌ಕ್ರಾಫ್ಟುಗಳನ್ನು ಅಂಗೈ ಬಿಡಿಸಿ ಒಟ್ಟೊಟ್ಟಿಗೆ ಹಾರಿಸುತ್ತಿದ್ದೆವು. ಚಿಕ್ಕಮ್ಮ ಒಮ್ಮೆ ಬೋರ್ಡಿನ ಮೇಲೆ ಬರೆದಳು: "ಇಂಗ್ಲಿಷಿನವರನ್ನು ನೋಡಿ ನಗಬೇಡಿ. ಅಂಗಡಿಗೆ ಹೋಗಿ ನಾವೂ ಐದು ಪೆನ್ಸಿಲ್ ಕೊಡಿ ಅಂತೀವಿ, ಐದು ಪೆನ್ಸಿಲ್‌ಗಳನ್ನು ಕೊಡಿ ಅಂತ ಯಾರಾದ್ರೂ ಅಂತೀರಾ?" ನಾವು ಬಾಯಿ ಮುಚ್ಚಿಕೊಂಡು ನಕ್ಕೆವು. ಬಾಯಿ ಮುಚ್ಚಿ ನಕ್ಕರೆ ನಗು ಎರಡರಷ್ಟು ಬರುತ್ತದೆ, ಬೇಕಾದರೆ ನೀವೂ ನೋಡಿ.

ಆ ವರ್ಷದ ಕೊನೆಗೆ ಎರಡು ಸಂಗತಿ ಒಟ್ಟಿಗೆ ಬಂದವು.

ಮೊದಲನೆಯದು ಚಿಕ್ಕಮ್ಮನ ಕಾಗದ. ಅವಳನ್ನು ಕಾಯಂ ಮಾಡಬಹುದೇ ಎಂದು ನೋಡಲು ಗುರುವಾರ ಮಧ್ಯಾಹ್ನ ಇನ್‌ಸ್ಪೆಕ್ಟರ್ ಬರುತ್ತಾರೆ ಎಂದು ಅದರಲ್ಲಿತ್ತು. ನಲವತ್ತು ದಾಟಿದವರನ್ನು ಕಾಯಂ ಮಾಡುವ ನಿಯಮವಿರಲಿಲ್ಲ. ಚಿಕ್ಕಮ್ಮನಿಗೆ ನಲವತ್ತು ತುಂಬಲು ಮೂರು ತಿಂಗಳಿತ್ತು. ಅಂದರೆ ಈ ಗುರುವಾರ ಆಗದಿದ್ದರೆ ಇನ್ನೆಂದೂ ಇಲ್ಲ.

ಎರಡನೆಯದು ಅಣ್ಣನದು. ಅವನು ಪಬ್ಲಿಕ್ ಪರೀಕ್ಷೆಯಲ್ಲಿ ಲೆಕ್ಕದಲ್ಲಿ ಮೂರು ಮಾರ್ಕಿನಿಂದ ಫೇಲಾಗಿದ್ದ. ಮೂರು ಮಾರ್ಕು ಹೋದದ್ದು ಲೆಕ್ಕ ಬಾರದೆ ಅಲ್ಲ, ಜ್ವರ ಬಂದು. ಫೇಲಾದ ಹನ್ನೊಂದು ಜನಕ್ಕೆ ಇನ್ನೊಂದು ಸಲ ಬರೆಯಲು ಅವಕಾಶ ಕೊಟ್ಟಿದ್ದರು. ಅಪ್ಪ ಅವನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದ್ದರು: "ಇದೊಂದು ಸಲ. ಪಾಸಾದ್ರೆ ಎಲ್ಲಿವರೆಗೆ ಓದ್ತೀಯೋ ಓದು, ನಾನಿದ್ದೀನಿ. ಇಲ್ಲಾಂದ್ರೆ ನನ್ನ ಜೊತೆ ವರ್ಕ್‌ಶಾಪಿಗೆ." ಅಣ್ಣನಿಗೆ ಓದುವ ಆಸೆ ಬಹಳ. ಆ ಮೂರು ವಾರ ಅವನು ಊಟದ ತಟ್ಟೆಯ ಪಕ್ಕದಲ್ಲೂ ಲೆಕ್ಕದ ಪುಸ್ತಕ ಇಟ್ಟುಕೊಳ್ಳುತ್ತಿದ್ದ. ತೊಟ್ಟಿ, ನಲ್ಲಿ, ರೈಲು, ಬಡ್ಡಿ, ಯಾವುದು ಕೇಳಿದರೂ ಅಮ್ಮ ಪಾತ್ರೆ ತೊಳೆದು ಮುಗಿಸುವುದರೊಳಗೆ ಉತ್ತರ ಹೇಳುತ್ತಿದ್ದ.

ಬುಧವಾರ ಚಿಕ್ಕಮ್ಮ ನಮ್ಮನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಬಾಯಿ ಬಿಡಿಸಿದಳು. ಇಡೀ ವರ್ಷದ ಮಾತು ಒಂದೇ ಸಲ ಹೊರಗೆ ಬಂತು. ಕಹಳೆ 'ಡೀರ್' ಎಂದ ಸದ್ದಿಗೆ ತಾರಸಿಯ ಮೇಲಿದ್ದ ಪಾರಿವಾಳಗಳೆಲ್ಲ ಎದ್ದುಹೋದವು. ಚಿಕ್ಕಮ್ಮನ ಮುಖ ಅರಳಿತ್ತು.

"ನಾಳೆ ಮಧ್ಯಾಹ್ನ ಇನ್‌ಸ್ಪೆಕ್ಟರ್ ಬಂದಾಗ ಏಳನೆಯವರು ಯಾರೂ ಇರಲ್ಲ, ಫೇಲಾದವರಿಗೆ ಪಾಠ ಬೆಳಗ್ಗೆ ಮಾತ್ರ. ಆದರೂ ನಾನು 'ಬಾಯಿ ಬಿಡಿ' ಅನ್ನೋವರೆಗೆ ಮಾಮೂಲಿನಂತೆ ಇರಬೇಕು. ಅಂದ ಮೇಲೆ ಹೀಗೇ ಹೇಳಬೇಕು. ಕಹಳೆ, ನೀನು ಸ್ವಲ್ಪ ನೋಡಿಕೊಂಡು ಹೇಳು, ಚಾವಣಿ ಹಳೇದು," ಎಂದಳು.

ಗುರುವಾರ ಬೆಳಗ್ಗೆ ನಾವು ಶಾಲೆಗೆ ಹೋದಾಗ ಬೀರುಗಳ ಆಚೆ ಹನ್ನೊಂದು ಬೆಂಚುಗಳನ್ನು ದೂರ ದೂರ ಹಾಕಿದ್ದರು. ಸೋಮವಾರ ಆಗಬೇಕಿದ್ದ ಮರುಪರೀಕ್ಷೆಯ ಪ್ರಶ್ನೆಪತ್ರಿಕೆ ಆವತ್ತೇ ಬಂದುಬಿಟ್ಟಿತ್ತು. ಹತ್ತರಿಂದ ಹನ್ನೊಂದೂವರೆಯವರೆಗೆ ಪರೀಕ್ಷೆ. ಮನೆಯಿಂದ ಹೊರಡುವಾಗ ಅಣ್ಣನಿಗೂ ಗೊತ್ತಿರಲಿಲ್ಲ. ಲೆಕ್ಕದ ಮೇಷ್ಟ್ರು ಒಳಗೆ ಬಂದು ಚಿಕ್ಕಮ್ಮನಿಗೆ ಕೈ ಮುಗಿದು, "ಒಂದೂವರೆ ಗಂಟೆ ಟೀಚರ್, ಅಷ್ಟೇ," ಎಂದರು. ಚಿಕ್ಕಮ್ಮ, "ಇನ್‌ಸ್ಪೆಕ್ಟರ್ ಬರೋದು ಮಧ್ಯಾಹ್ನ ಅಲ್ವಾ, ಮೇಷ್ಟ್ರೇ. ನೀವು ಯೋಚನೆ ಮಾಡಬೇಡಿ," ಎಂದಳು.

ಇನ್‌ಸ್ಪೆಕ್ಟರ್ ಹತ್ತೂವರೆಗೇ ಬಂದರು.

ಅವರನ್ನು ಕೆಟ್ಟವರು ಎಂದು ಹೇಳಿ ಕಥೆ ಸುಲಭ ಮಾಡಿಕೊಳ್ಳಬಹುದು, ಆದರೆ ಅವರು ಕೆಟ್ಟವರಾಗಿರಲಿಲ್ಲ. ಮಧ್ಯಾಹ್ನ ಬೇರೊಂದು ಶಾಲೆಗೆ ಹೋಗಬೇಕಾಗಿ ಬಂತಂತೆ, ಅದಕ್ಕೆ ಇಲ್ಲಿಗೆ ಮೊದಲು ಬಂದರು. ಚಪ್ಪಲಿಯ ಸದ್ದಾಗದಂತೆ ಪರೀಕ್ಷೆಯ ಬೆಂಚುಗಳ ನಡುವೆ ತುದಿಗಾಲಲ್ಲಿ ನಡೆದು ಬಂದು, ಭೂಪಟ ಸರಿಸಿ ಒಳಗೆ ಕಾಲಿಟ್ಟರು. ಚರ್ಮದ ಚೀಲದಿಂದ ಒಂದು ನಮೂನೆ ತೆಗೆದು ಮೇಜಿನ ಮೇಲಿಟ್ಟರು. ಬೋರ್ಡಿನ ಮೇಲೆ ಹನ್ನೆರಡನೆಯ ಪಾಠವೇ ಇತ್ತು.

"ವನ್ ಶೀಪ್," ಎಂದರು ಮೆಲ್ಲಗೆ. "ಟೆನ್?"

ನಲವತ್ತು ಅಂಗೈಗಳು ಒಟ್ಟಿಗೆ ಮೇಲೆ ಹೋದವು.

"ಎಲ್ಲರಿಗೂ ಗೊತ್ತಾ? ಭೇಷ್. ಯಾರಾದ್ರೂ ಒಬ್ಬರು ಹೇಳಿ." ನಾನು ಮುಂದಿನ ಬೆಂಚಿನಲ್ಲಿದ್ದೆ. ನನ್ನ ಕಡೆಗೆ ಬೆರಳು ತೋರಿಸಿದರು. ನಾನು ಎದ್ದು ನಿಂತು ಅಂಗೈ ಬಿಡಿಸಿ, ತುಟಿಯಲ್ಲಿ ಅಚ್ಚುಕಟ್ಟಾಗಿ ಶೀಪ್ ಎಂದೆ.

ಅವರು ಕಿವಿಯೊಳಗೆ ಬೆರಳು ಹಾಕಿ ಅಲ್ಲಾಡಿಸಿಕೊಂಡರು. ಬಗ್ಗಿ ಇನ್ನೊಮ್ಮೆ ಕೇಳಿದರು. ನಾನು ಇನ್ನೊಮ್ಮೆ ಹಾಗೆಯೇ ಹೇಳಿದೆ. 'ಬಾಯಿ ಬಿಡಿ' ಎಂದು ಚಿಕ್ಕಮ್ಮ ಇನ್ನೂ ಅಂದಿರಲಿಲ್ಲವಲ್ಲ. ನಾನು ಅವಳ ಮನೆಯ ಹುಡುಗಿ, ಎಲ್ಲರಿಗಿಂತ ಮೊದಲು ನಾನೇ ಮಾತು ಮೀರಿದರೆ ಅವಳ ಮರ್ಯಾದೆ ಏನಾಗಬೇಕು ಎಂದು ನನ್ನ ಲೆಕ್ಕ.

ಚಿಕ್ಕಮ್ಮ ಅವರನ್ನು ಕಿಟಕಿಯ ಬಳಿಗೆ ಕರೆದು ಪಿಸುಮಾತಿನಲ್ಲಿ ಎಲ್ಲ ವಿವರಿಸಿದಳು. ಅವರೂ ಪಿಸುಮಾತಿನಲ್ಲೇ ಉತ್ತರ ಕೊಟ್ಟರು. ನನ್ನ ಬೆಂಚಿಗೆ ಅದೆಲ್ಲ ಕೇಳುತ್ತಿತ್ತು.

"ನನಗೆ ಅರ್ಥ ಆಗುತ್ತೆ ಟೀಚರ್. ಆದರೆ ಇಲ್ಲಿ 'ಇಡೀ ತರಗತಿಯ ಗಟ್ಟಿ ಓದು, ಉಚ್ಚಾರಣೆ' ಅಂತ ಒಂದು ಕಾಲಂ ಇದೆ. ಕಿವಿಗೆ ಬೀಳದೆ ಏನಂತ ಬರೆಯಲಿ? ಹೊರಗೆ ಕರ್ಕೊಂಡು ಹೋಗೋಣ ಅಂದ್ರೆ ಪರೀಕ್ಷೆ ಮಧ್ಯದಲ್ಲೇ ನಲವತ್ತು ಮಕ್ಕಳು ಹಾದುಹೋಗಬೇಕು. ಇಲ್ಲೇ ಐದು ನಿಮಿಷ ಗಟ್ಟಿಯಾಗಿ ಹೇಳಿಸಿ ಸಾಕು. ಐದೇ ನಿಮಿಷ. ಆಚೆಯವರಿಗೆ ಅಷ್ಟರಿಂದ ಏನೂ ಆಗಲ್ಲ."

"ಹನ್ನೊಂದೂವರೆಗೆ ಪರೀಕ್ಷೆ ಮುಗಿಯುತ್ತೆ, ಸರ್."

"ನನ್ನ ಬಸ್ಸು ಹನ್ನೊಂದಕ್ಕೆ."

ಚಿಕ್ಕಮ್ಮ ನಮ್ಮ ಎದುರಿಗೆ ಬಂದು ನಿಂತಳು. ನಾವು ಉಸಿರು ಎಳೆದುಕೊಂಡೆವು. ಕಹಳೆಯ ಎದೆ ಉಬ್ಬಿದ್ದು ನನಗೆ ಕಂಡಿತು. ಅವಳ ತುಟಿ ತೆರೆಯಿತು. ಆಗ ಇನ್‌ಸ್ಪೆಕ್ಟರ್ ಸರಿಸಿದ್ದ ಭೂಪಟ ಓರೆಯಾಗಿಯೇ ನಿಂತಿತ್ತು. ಆ ಸಂದಿಯಲ್ಲಿ ಅಣ್ಣ ಕಾಣುತ್ತಿದ್ದ. ಬೆನ್ನು ಬಗ್ಗಿಸಿ, ಹಣೆ ಕಾಗದಕ್ಕೆ ತಾಗುವಷ್ಟು ತಲೆ ತಗ್ಗಿಸಿ ಕೂತಿದ್ದ. ಅವಳೂ ನೋಡಿದಳು, ನಾನೂ ನೋಡಿದೆ. ಲೆಕ್ಕದ ಮಧ್ಯೆ ಒಂದು ಕುರಿ ನುಗ್ಗಿದರೆ ಏನಾಗುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಚಿಕ್ಕಮ್ಮ ಬಾಯಿ ಮುಚ್ಚಿಕೊಂಡಳು. ತಿರುಗಿ ಬೋರ್ಡಿನ ಮೇಲೆ ಮುಂದಿನ ಪದ ಬರೆದಳು. ಏರ್‌ಕ್ರಾಫ್ಟ್. ನಾವು ಎಳೆದುಕೊಂಡಿದ್ದ ಉಸಿರನ್ನು ಮೆಲ್ಲಗೆ ಬಿಟ್ಟೆವು.

ಇನ್‌ಸ್ಪೆಕ್ಟರ್ ಹನ್ನೊಂದಕ್ಕೆ ಹತ್ತು ನಿಮಿಷ ಇರುವವರೆಗೂ ಕುರ್ಚಿಯಲ್ಲಿ ಕೂತು ನೋಡಿದರು. ಒಮ್ಮೆ ಅವರ ಕೈಯೂ ತಾನಾಗಿಯೇ ಅರ್ಧ ಎದ್ದು ಇಳಿಯಿತು. ಹೋಗುವಾಗ ಅವರು ಚಿಕ್ಕಮ್ಮನಿಗೆ, "ಆ ಕಾಲಂ ಖಾಲಿ ಬಿಟ್ಟಿದ್ದೀನಿ. ಕೆಟ್ಟದ್ದು ಬರೆದಿಲ್ಲ. ಆದರೆ ಖಾಲಿ ಇದ್ರೆ ಮೇಲಿನವರು ಏನು ಮಾಡ್ತಾರೆ ಅಂತ ನಿಮಗೂ ಗೊತ್ತು," ಎಂದರು. ಚಿಕ್ಕಮ್ಮ ತಲೆ ಆಡಿಸಿದಳು. ಅವರು ಬಂದ ಹಾಗೆಯೇ ತುದಿಗಾಲಲ್ಲಿ ಹೋದರು.

ಮೇಲಿನವರು ತಿಂಗಳೊಳಗೆ ಇಲ್ಲ ಎಂದು ಬರೆದರು. ಅಮ್ಮ ಅತ್ತಳು, ಚಿಕ್ಕಮ್ಮ ಅಳಲಿಲ್ಲ. "ಆ ಕೋಣೆಗೆ ಗಾಳಿನೇ ಬರಲ್ಲ ಬಿಡಕ್ಕಾ," ಎಂದಳು. ಆಮೇಲೆ ನಾಲ್ಕು ವರ್ಷ ತಾತ್ಕಾಲಿಕವಾಗಿಯೇ ಕಲಿಸಿದಳು. ಐದನೇ ವರ್ಷ ಕಾಗದ ಬರಲಿಲ್ಲ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಪಾಠ ಹೇಳಲು ಶುರುಮಾಡಿದಳು. ಅಲ್ಲಿ ಮಕ್ಕಳು ಎಷ್ಟು ಬೇಕಾದರೂ ಕಿರುಚಬಹುದಿತ್ತು. ಕೆಳಗಿನ ಬೀಗದವನು ಕಲಿಯದೇ ಇಂಗ್ಲಿಷ್ ಕಲಿತ.

ಅಣ್ಣನ ಫಲಿತಾಂಶ ಮೇಲಿನವರ ಆ ಉತ್ತರಕ್ಕೂ ಮುಂಚೆ ಬಂದಿತ್ತು. ಫೇಲು. ಅದೂ ಮೊದಲಿಗಿಂತ ಕಡಿಮೆ ಮಾರ್ಕು. ಮನೆಯಲ್ಲಿ ಎಲ್ಲರೂ ಬೆರಗಾದರು. ಏನಾಯಿತು ಎಂದು ಅಪ್ಪ ಮೂರು ಸಲ ಕೇಳಿದರು. ಅವನು ಮೂರು ಸಲವೂ, "ಬರಲಿಲ್ಲ," ಎಂದ. ಮುಂದಿನ ಸೋಮವಾರದಿಂದ ಅಪ್ಪನ ಜೊತೆ ವರ್ಕ್‌ಶಾಪಿಗೆ ಹೋದ. ಆಗ ಅವನಿಗೆ ಹದಿಮೂರು.

ಎಲ್ಲರಿಗಿಂತ ಹೆಚ್ಚು ಕುಸಿದವಳು ಚಿಕ್ಕಮ್ಮ. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೇ ದಿನ ಅವಳಿಗೆ ಒಂದು ಸಮಾಧಾನ ಸಿಕ್ಕಿತು, ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಅವನಿಗೆ ಲೆಕ್ಕ ತಲೆಗೆ ಹತ್ತಲ್ಲ, ಅಷ್ಟೇ. ಸದ್ಯ, ನಮ್ಮ ಗಲಾಟೆಯಿಂದ ಆಗಿದ್ದಲ್ಲ. ನಾವು ಉಸಿರೂ ಬಿಟ್ಟಿರಲಿಲ್ಲ." ಅಂದಿನಿಂದ ಇಂದಿನವರೆಗೆ ಅವಳು ಆ ಮಾತನ್ನು ಎಷ್ಟು ಸಲ ಹೇಳಿದ್ದಾಳೋ ನನಗೆ ತಿಳಿಯದು. ಮನೆಗೆ ನಾಲ್ಕು ಜನ ಸೇರಿದರೆ ಸಾಕು, ಅಣ್ಣನ ಲೆಕ್ಕದ ಮೇಲೆ ಒಂದು ಚಟಾಕಿ ಹಾರಿಸದೆ ಬಿಡಳು. ಅವನು ಸುಮ್ಮನೆ ನಗುತ್ತಾನೆ. ವರ್ಕ್‌ಶಾಪಿನಲ್ಲಿ ನಲವತ್ತು ವರ್ಷ ಕೂದಲೆಳೆಯಷ್ಟು ವ್ಯತ್ಯಾಸದ ಅಳತೆಯನ್ನೆಲ್ಲ ಅವನ ಕೈಗೇ ಕೊಡುತ್ತಿದ್ದರು. ಎಂಜಿನಿಯರುಗಳು ಕಾಗದದ ಮೇಲೆ ಗುಣಿಸುತ್ತಿರುವಾಗ ಇವನು ಬಾಯಲ್ಲೇ ಉತ್ತರ ಹೇಳುತ್ತಿದ್ದನಂತೆ. ಅಪ್ಪ ಅದನ್ನು ಮನೆಗೆ ಬಂದು ಹೇಳುತ್ತಿದ್ದರು.

ಈಗ ಅಪ್ಪ ಅಮ್ಮ ಇಲ್ಲ. ಚಿಕ್ಕಮ್ಮ ನನ್ನ ಮನೆಯಲ್ಲಿದ್ದಾಳೆ. ಎಂಬತ್ತೇಳು ವರ್ಷ, ಮಂಡಿ ಸೋತಿದೆ, ಗಂಟಲು ಸೋತಿಲ್ಲ, ಕಿವಿಯಂತೂ ಬಹಳ ಚುರುಕು. ಅಣ್ಣ ಭಾನುವಾರ ಬರುತ್ತಾನೆ. ಬಂದವನು ಸುಮ್ಮನೆ ಕೂರುವುದಿಲ್ಲ, ಏನಾದರೂ ಒಂದನ್ನು ಬಿಚ್ಚಿ ಸರಿಮಾಡುತ್ತಾನೆ. ಹೋದ ಭಾನುವಾರ ಜಗುಲಿಯಲ್ಲಿ ನನ್ನ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದ. ಚಿಕ್ಕಮ್ಮ ಒಳಗೆ ಮಲಗಿದ್ದಳು. ನಾನು ಅವನ ಮುಂದೆ ಚಹಾ ಇಟ್ಟು, ಅದೇ ಹಳೆಯ ಮಾತು ತೆಗೆದೆ. ಅವನನ್ನು ರೇಗಿಸುವುದು ನನಗೂ ಅಭ್ಯಾಸವಾಗಿದೆ.

"ಅಲ್ಲ ಕಣೋ ಅಣ್ಣ, ಚಿಕ್ಕಮ್ಮ ಅಷ್ಟು ದೊಡ್ಡ ಕೆಲಸ ಬಿಟ್ಟುಕೊಟ್ಟಳು. ನೀನು ಪಾಸಾದ್ರೂ ಆಗಬಾರದಾಗಿತ್ತಾ? ಮನೇಲಿ ಅಷ್ಟು ಚೆನ್ನಾಗಿ ಮಾಡ್ತಿದ್ದೆ. ಆವತ್ತು ಏನಾಗಿತ್ತು ನಿನಗೆ?"

ಅವನು ಒಂದು ಸ್ಕ್ರೂ ತೆಗೆದು ಅಂಗೈಯಲ್ಲಿ ಇಟ್ಟುಕೊಂಡ. ದನಿ ತಗ್ಗಿಸಿ ಹೇಳಿದ:

"ಇನ್‌ಸ್ಪೆಕ್ಟರ್ ನನ್ನ ಬೆಂಚಿನ ಪಕ್ಕದಲ್ಲೇ ಒಳಗೆ ಹೋದ್ರು. ಯಾರು ಅಂತ ನನಗೆ ಗೊತ್ತಾಯ್ತು. ಈಗ ಚಿಕ್ಕಮ್ಮನ ಕ್ಲಾಸು ಬಾಯಿ ಬಿಡುತ್ತೆ, ಅವರು ಬಾಯಿ ಬಿಟ್ರೆ ಕೆಲಸ ಆದ ಹಾಗೆ ಅಂತ ಕಿವಿ ಕೊಟ್ಟು ಕೂತೆ. ಸದ್ದೇ ಇಲ್ಲ. ಏನಾಯ್ತೋ, ಮಕ್ಕಳು ಮರೆತುಬಿಟ್ಟರೋ, ಅವರು ಬೈತಿದ್ದಾರೋ ಅಂತ ಇನ್ನೂ ಬಗ್ಗಿ ಕೇಳಿದೆ. ಆಗಲೂ ಇಲ್ಲ. ಅವರು ಹೊರಗೆ ಹೋಗೋದನ್ನೂ ನೋಡಿದೆ. ಮುಗೀತು, ಚಿಕ್ಕಮ್ಮನಿಗೆ ಆಗಲಿಲ್ಲ ಅನ್ನಿಸ್ತು. ಆಮೇಲೆ ಎಷ್ಟು ಹೊತ್ತಿಗೂ ಕೈ ಓಡಲಿಲ್ಲ ಕಣೇ. ಮೊದಲ ಪುಟದಲ್ಲಿ ಬರೆದಿದ್ದು ಬಿಟ್ರೆ ಉಳಿದದ್ದೆಲ್ಲ ಖಾಲಿ ಕೊಟ್ಟೆ."

ನನಗೆ ಕಣ್ಣು ತುಂಬಿ ಬಂತು. ಆ ದಿನ ಸಂದಿಯಲ್ಲಿ ನಾವು ನೋಡಿದ್ದು, ಲೆಕ್ಕ ಮಾಡುತ್ತಿದ್ದಾನೆ ಎಂದು ನಾವಿಬ್ಬರೂ ನಂಬಿದ ಆ ತಗ್ಗಿದ ತಲೆ, ನಮ್ಮ ಸದ್ದಿಗಾಗಿ ಕಾಯುತ್ತಿತ್ತು. ಒಂದೇ ಒಂದು ಸಲ ನಾವು ಕಿರುಚಿದ್ದರೆ ಇಬ್ಬರೂ ಗೆಲ್ಲುತ್ತಿದ್ದರು.

"ಇಷ್ಟು ವರ್ಷ ಯಾಕೋ ಹೇಳಲಿಲ್ಲ?"

"ಯಾರಿಗೆ ಹೇಳಲಿ?" ಎಂದ ಅಣ್ಣ, ಒಳಕೋಣೆಯ ಬಾಗಿಲ ಕಡೆಗೆ ನೋಡುತ್ತ.

ಅಷ್ಟರಲ್ಲಿ ಒಳಗಿನಿಂದ ಗಂಟಲು ಬಂತು. "ಏನದು ಅಣ್ಣ ತಂಗಿದು ಗುಸುಗುಸು? ನನಗೆ ಕೇಳೋ ಹಾಗೆ ಮಾತಾಡಿ."

ಅಣ್ಣ ನನ್ನ ಮುಖ ನೋಡಿದ. ಬೇಡ ಎಂಬಂತೆ ಒಮ್ಮೆ ತಲೆ ಅಲ್ಲಾಡಿಸಿದ. ಆಮೇಲೆ ಗಟ್ಟಿಯಾಗಿ ಹೇಳಿದ:

"ಏನಿಲ್ಲ ಚಿಕ್ಕಮ್ಮ. ನನಗೆ ಲೆಕ್ಕ ಬರ್ತಿರಲಿಲ್ಲ ಅಂತ ಹೇಳ್ತಿದ್ದೆ."

"ಅದು ಇಡೀ ಊರಿಗೇ ಗೊತ್ತು," ಎಂದಳು ಚಿಕ್ಕಮ್ಮ ನೆಮ್ಮದಿಯಿಂದ. ಮಗ್ಗುಲು ಬದಲಿಸಿದ ಸದ್ದು ಕೇಳಿಸಿತು.